ಬಸದಿಯ ಶಾಸನವೂ ಮಗ್ಗದ ಕುಣಿಯೂ

ತೇರದಾಳಕ್ಕೆ ಬಂದ ಅತಿಥಿಗೆ ಊರಿನವರು ತಪ್ಪದೆ ತೋರಿಸುವ ಸ್ಥಳಗಳು ಎರಡು: ಅಲ್ಲಮಪ್ರಭುವಿನ ದೇವಾಲಯ ಮತ್ತು ನೇಮಿನಾಥನ ಬಸದಿ. ಇವೆರಡೂ ನೋಡತಕ್ಕವುಗಳೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇದೇ ಸೀಮೆಯಲ್ಲಿ, ಕೆಲವೇ ಮೈಲಿಗಳ ಅಂತರದ ರಬಕವಿ-ಬನಹಟ್ಟಿಯಲ್ಲಿ, ಮೂರನೆಯ ಬಗೆಯದೊಂದು ಸ್ಮಾರಕವಿದೆ. ಅದನ್ನು ಯಾರೂ ತೋರಿಸುವುದಿಲ್ಲ. ತೋರಿಸುವಂಥದೆಂದು ಯಾರಿಗೂ ಅನಿಸಿದಂತಿಲ್ಲ. ಅದು ನೇಕಾರನ ಮನೆಯ ನೆಲದಲ್ಲಿರುವ ಮಗ್ಗದ ಕುಣಿ.

ಮೊದಲು ಬಸದಿಯ ಮಾತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಚಕ್ರವರ್ತಿಯಾಗಿದ್ದು, ಅವನ ಕೈಕೆಳಗೆ ರಟ್ಟವಂಶದ ಕಾರ್ತವೀರ್ಯನು ಕುಂಡಿನಾಡನ್ನು ಆಳುತ್ತಿದ್ದ ಕಾಲದಲ್ಲಿ, ಮಂಡಳಿಕ ಗೊಂಕನು ಇದನ್ನು ಕಟ್ಟಿಸಿದನು. ಶಾಸನದ ಮೊದಲ ಭಾಗದ ತೇದಿ ಶಕ 1045. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕ ದೊರೆಯುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು; ಆದುದರಿಂದ ಇದು 1123ನೆಯ ಇಸವಿ. ಮುಂದಿನ ಭಾಗಗಳು ಶಕ 1104 ಮತ್ತು 1109ಕ್ಕೆ ಸೇರಿದವು. ದೊರೆಗಳ ಹೆಸರುಗಳಷ್ಟೇ ಅಲ್ಲ, ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಪ್ರಸ್ತಾಪವೂ ಇಲ್ಲಿದೆ. ಎಂದರೆ ತೇರದಾಳವು ಆಗಲೇ ಸರಕಿನ ಊರು, ಸಂತೆಯ ಊರು.

ಈ ಶಾಸನವನ್ನು ಕೆ. ಬಿ. ಪಾಠಕರು 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಶಾಸನಗಳ ಪ್ರತಿ ತೆಗೆಯುವ ವಿಧಾನವೇ ಸೊಗಸಾದುದು. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಅದರ ಮೇಲೆ ಹೊದಿಸಿ, ಕುಂಚದಿಂದ ಬಡಿಯುತ್ತ ಅಕ್ಷರಗಳ ತಗ್ಗಿನೊಳಕ್ಕೆ ಇಳಿಸುತ್ತಾರೆ. ಅನಂತರ ಮಸಿಯ ಗಂಟಿನಿಂದ ಮೃದುವಾಗಿ ತಟ್ಟಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಹೀಗೆ ಅಚ್ಚಾದ ಬಳಿಕ, ದೈವವಶಾತ್ ಕಲ್ಲಿಗೆ ಏನೇ ಆದರೂ ಮಾತು ಉಳಿಯುತ್ತದೆ. ಮಗ್ಗದ ಕುಣಿಗೆ ಇಂತಹ ಅಚ್ಚನ್ನು ಯಾರೂ ತೆಗೆದಿಟ್ಟಿಲ್ಲವೆಂಬುದೇ ನಮ್ಮ ಚಿಂತೆ.

ಕುಣಿಮಗ್ಗವೆಂದರೆ ಏನೆಂಬುದನ್ನು ಪಟ್ಟಣದ ವಿದ್ಯಾರ್ಥಿಗಳಿಗಾಗಿ ತುಸು ವಿವರಿಸಬೇಕು. ನೇಕಾರನು ನೆಲದಲ್ಲಿ ತೋಡಿದ ತಗ್ಗಿನ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗೆ ಇಳಿಬಿಡುತ್ತಾನೆ. ಕಾಲು ತುಳಿದಂತೆ ಹಾಸಿನ ಎಳೆಗಳು ಎರಡು ಪದರಗಳಾಗಿ ಬಾಯಿ ತೆರೆಯುತ್ತವೆ. ಲಾಳಿಯು ಹೊಕ್ಕನ್ನು ಎಳೆದುಕೊಂಡು ಆ ಬಾಯಿಯಲ್ಲಿ ಹಾಯುತ್ತದೆ. ಹಣಿಗೆಯು ಅದನ್ನು ಬಡಿದು ಕೂಡಿಸುತ್ತದೆ. ಹಾಸು ನೆಲಕ್ಕೆ ತೀರ ಹತ್ತಿರ. ಇದು ಬಡತನದ ಏರ್ಪಾಡು, ಮರ ಉಳಿಸಲೆಂದು ಮಾಡಿದ್ದು ಎಂದು ಕೆಲವರು ತಿಳಿಯುತ್ತಾರೆ. ಮರ ಉಳಿಯುವುದು ನಿಜ. ಆದರೆ ಸಂಗತಿ ಅಷ್ಟಕ್ಕೇ ಮುಗಿಯುವುದಿಲ್ಲ.

ಹತ್ತಿಯು ಗಾಳಿಯ ನೀರಾವಿಯನ್ನು ಹೀರುವ ವಸ್ತು. ನೂರು ತೂಕದ ಒಣಹತ್ತಿಯು ಶೇಕಡ 65ರ ಆರ್ದ್ರತೆಯ ಹವೆಯಲ್ಲಿ ಸುಮಾರು 8 ತೂಕದ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅನೇಕ ನಾರುಗಳು ಒದ್ದೆಯಾದಾಗ ದುರ್ಬಲವಾಗುತ್ತವೆ, ಹತ್ತಿಯಾದರೋ ಬಲಗೊಳ್ಳುತ್ತದೆ. ಕೃಷ್ಣಾತೀರದ ಈ ಬಯಲುಸೀಮೆಯ ಚೈತ್ರ-ವೈಶಾಖಗಳ ಒಣಗಾಳಿಯಲ್ಲಿ ಎಳೆಗಳು ಪಟಪಟನೆ ಹರಿಯುವಾಗ, ತಂಪಾದ ಮಣ್ಣಿನ ಕುಣಿಯು ಹಾಸಿನ ಸುತ್ತ ತೇವವನ್ನು ಕಾಪಾಡುತ್ತದೆ. ದೊಡ್ಡ ಗಿರಣಿಗಳು ಇದೇ ಕೆಲಸಕ್ಕೆ ತುಂತುರು ಸಿಡಿಸುವ ಯಂತ್ರಗಳನ್ನು ಇಟ್ಟುಕೊಂಡವು. ನಂಬದವರು ಪರೀಕ್ಷಿಸಬಹುದು: ಗಂಜಿಯಿಲ್ಲದ ಶುದ್ಧ ಹತ್ತಿಯ ನೂಲಿನ ಹತ್ತಾರು ತುಂಡುಗಳನ್ನು ಒಣಗಿಸಿಯೂ ತೇವ ಮಾಡಿಯೂ ತೂಕ ಕಟ್ಟಿ, ಯಾವುದು ಎಷ್ಟಕ್ಕೆ ಹರಿಯುವುದೆಂದು ಬರೆದುಕೊಳ್ಳಲಿ. ಒಂದೆರಡು ತುಂಡುಗಳನ್ನು ಮಾತ್ರ ನೋಡಿ ತೀರ್ಮಾನಿಸಬಾರದು.

ಆದುದರಿಂದ ನೇಕಾರನ ಮನೆಯೇ ಒಂದು ಯಂತ್ರಭಾಗ. ಮಗ್ಗವನ್ನು ಮಾತ್ರ ಕಿತ್ತು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟರೆ, ಅರ್ಧ ಯಂತ್ರವನ್ನು ಇಟ್ಟಂತಾಯಿತು.

ವಿದ್ಯುನ್ಮಗ್ಗ ಬಂದಲ್ಲಿ ಕುಣಿಗೆ ಕೆಲಸವಿಲ್ಲ. ಅದನ್ನು ಮಣ್ಣಿನಿಂದ ತುಂಬಿ ಮೇಲೆ ಸಿಮೆಂಟು ಹಾಕುತ್ತಾರೆ. ಇದಕ್ಕಾಗಿ ನೇಕಾರನನ್ನು ದೂಷಿಸುವುದು ಅನ್ಯಾಯ. ನಮ್ಮ ಕುತೂಹಲಕ್ಕಾಗಿ ಅವನು ಕುಣಿಯಲ್ಲಿಯೇ ಕುಳಿತು ಬೆನ್ನು ಬಗ್ಗಿಸಬೇಕೆಂದು ಹೇಳುವ ಅಧಿಕಾರ, ಅಂಗಡಿಯಲ್ಲಿ ಅಗ್ಗದ ಸೀರೆಯನ್ನೇ ಆರಿಸುವ ನಮಗೆ ಖಂಡಿತ ಇಲ್ಲ. ನಮ್ಮ ಆಕ್ಷೇಪಣೆ ಬೇರೆ. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡ, ಗುಹೆ, ಶಾಸನಗಳನ್ನು ಲಕ್ಷ್ಯದಲ್ಲಿಟ್ಟುಕೊಂಡಿತು. 1985ರ ಕಾಯಿದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಒಂದು ಕಲ್ಲನ್ನು ಕಂಡಿತು, ಇನ್ನೊಂದು ಬಟ್ಟೆಯನ್ನು ಕಂಡಿತು. ಬಟ್ಟೆ ಹುಟ್ಟುವ ಕೋಣೆ ನಡುವೆ ಬಿದ್ದುಹೋಯಿತು. ಇಂಗ್ಲೆಂಡಿನವರು 1779ರ ಕಬ್ಬಿಣದ ಸೇತುವೆಯನ್ನೂ, ಅಮೆರಿಕದವರು ಲೋವೆಲ್ ಪಟ್ಟಣದ ಹತ್ತಿ ಗಿರಣಿಗಳನ್ನೂ ರಾಷ್ಟ್ರದ ಸ್ಮಾರಕಗಳೆಂದು ಗೌರವಿಸಿರುವಾಗ, ದುಡಿಮೆಯ ಸ್ಥಳವು ಸ್ಮಾರಕವಾಗಲಾರದೆಂಬ ವಾದ ನಿಲ್ಲದು.

ರಬಕವಿ-ಬನಹಟ್ಟಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವುಂಟು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ರಬಕವಿಯು, ತೇರದಾಳದಂತೆಯೇ, ಸಾಂಗ್ಲಿಗೆ ಸೇರಿತ್ತು; ಬನಹಟ್ಟಿಯು ಜಮಖಂಡಿಗೆ. ಮಗ್ಗದ ಸದ್ದು ಒಂದೇ, ದರಬಾರು ಎರಡು! ಜಮಖಂಡಿಯ ಪಟವರ್ಧನರ ಅರಮನೆಯನ್ನು ನೋಡಲು ಹೋಗುವವರಲ್ಲಿ ಎಷ್ಟು ಮಂದಿ ಈ ಬೀದಿಗಳಲ್ಲಿ ಇಳಿದಾರು?

ನಗರಸಭೆಯು ಒಂದೇ ಒಂದು ಹಳೆಯ ನೇಕಾರಮನೆಯನ್ನು, ಒಡೆಯನಿಗೆ ನ್ಯಾಯವಾದ ಬೆಲೆ ಕೊಟ್ಟು, ಕುಣಿ ಸಹಿತ ಉಳಿಸಲಿ. ಅದಕ್ಕೆ ಕಾಲ ಹಿಡಿಯಬಹುದು. ಈ ಸೀಮೆಯ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸಕ್ಕೆ ಯಾರ ಮಂಜೂರಾತಿಯೂ ಬೇಡ. ಮನೆಯವರ ಒಪ್ಪಿಗೆ ಸಾಕು. ಕುಣಿಯ ಉದ್ದ, ಅಗಲ, ಆಳಗಳನ್ನು ಅಳೆದು ನಕ್ಷೆ ಬರೆಯಿರಿ. ಬೆಳಕಿಂಡಿ ಯಾವ ದಿಕ್ಕಿಗಿದೆಯೆಂದು ಗುರುತಿಸಿರಿ. ಉಂಕಿ, ಕಂಡಿಕೆ ಮೊದಲಾದ ಹೆಸರುಗಳನ್ನು ಅಜ್ಜ ಅಜ್ಜಿಯರು ಉಚ್ಚರಿಸಿದಂತೆಯೇ ಬರೆದುಕೊಳ್ಳಿರಿ, ಪುಸ್ತಕದ ಮಾತಿಗೆ ತಿದ್ದಬೇಡಿರಿ. ಎರಡು ತಾಪಮಾಪಕಗಳನ್ನು ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿದರೆ ಆರ್ದ್ರತೆಯನ್ನು ಲೆಕ್ಕ ಹಾಕಬಹುದು; ಕುಣಿಯಲ್ಲೊಮ್ಮೆ, ಅಂಗಳದ ನೆರಳಿನಲ್ಲೊಮ್ಮೆ ನೋಡಬೇಕು. ಬೇಸಿಗೆಯ ರಜೆಯೇ ಇದಕ್ಕೆ ತಕ್ಕ ಸಮಯ. ಒಳಗಿನ ಹವೆಗೂ ಹೊರಗಿನ ಹವೆಗೂ ಇರುವ ಅಂತರ ಆಗಲೇ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ.