ತುಂಗಭದ್ರೆಯ ಹೂಳು: ಮೂಲ ಯಾವುದು, ಲೆಕ್ಕ ಎಷ್ಟು ನಿಖರ?

1953ರಲ್ಲಿ ಸುಮಾರು 133 ಟಿಎಂಸಿ ಅಡಿಯಷ್ಟಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಇಂದು ಸುಮಾರು 105.8 ಟಿಎಂಸಿ ಅಡಿಗೆ ಕುಗ್ಗಿದೆ. ಕಳೆದುಹೋದ ಜಾಗವನ್ನು ಹೂಳು ಆಕ್ರಮಿಸಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಬಳಿಕ ಜಲಾಶಯದ ಭವಿಷ್ಯದ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿತು. ಇಂತಹ ಚರ್ಚೆಗಳಲ್ಲಿ ಹೊಲಗಳ ಮಣ್ಣೇ ಹೂಳಿಗೆ ಕಾರಣವೆಂಬ ವಾದವನ್ನು ತಾವೂ ಕೇಳಿರಬಹುದು. ಅದನ್ನು ಒಪ್ಪುವ ಮುನ್ನ ಹೂಳಿನ ಮೂಲವನ್ನು ಗುರುತಿಸುವ ವಿಧಾನವನ್ನು ಅರಿಯುವುದು ಒಳಿತು.

ಹೊಲ, ಕಾಡು, ಕೊರಕಲು, ನದಿದಂಡೆಗಳ ಮಣ್ಣಿನ ಮಾದರಿಗಳನ್ನೂ ಹೂಳಿನ ಮಾದರಿಯನ್ನೂ ಪ್ರಯೋಗಾಲಯದಲ್ಲಿ ಹೋಲಿಸಿ, ಯಾವುದರ ಪಾಲು ಎಷ್ಟೆಂದು ಗಣಿತದ ಮೂಲಕ ಅಂದಾಜಿಸುತ್ತಾರೆ. ಇದನ್ನು ಮಣ್ಣಿನ ಬೆರಳಚ್ಚು ಎನ್ನಬಹುದು. ಆದರೆ ಮನುಷ್ಯನ ಬೆರಳಚ್ಚಿನಷ್ಟು ಖಚಿತವಾದುದಲ್ಲ. ಮಾದರಿ ತೆಗೆಯದ ಮೂಲಕ್ಕೆ ಲೆಕ್ಕದಲ್ಲಿ ಸ್ಥಾನವೇ ಇರುವುದಿಲ್ಲ. ಅದರ ಪಾಲು ಉಳಿದವುಗಳ ತಲೆಗೆ ಬೀಳುತ್ತದೆ, ಮೊತ್ತ ಮಾತ್ರ ಶೇ 100 ಆಗಿಯೇ ಬರುತ್ತದೆ. ನೀರು ಜಿಗುಟಾದ ಸಣ್ಣ ಕಣಗಳನ್ನು ದೂರ ಒಯ್ದು ಮರಳನ್ನು ದಾರಿಯಲ್ಲೇ ಬಿಡುವುದರಿಂದ, ಹೂಳು ಮೂಲಮಣ್ಣಿನ ಯಥಾಪ್ರತಿಯೂ ಅಲ್ಲ.

ಸೀಸಿಯಂ-137ರ ನಿದರ್ಶನವನ್ನು ನೋಡಿ. ಮುಖ್ಯವಾಗಿ 1950-60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದ ಉದುರಿದ ಈ ಧಾತು ಮೇಲ್ಮಣ್ಣಿನ ಜೇಡಿಕಣಗಳಿಗೆ ಅಂಟಿಕೊಂಡಿದೆ. ಹೂಳಿನಲ್ಲಿ ಅದು ಹೆಚ್ಚಿದ್ದರೆ ಮೇಲ್ಮಣ್ಣು, ಕಡಿಮೆಯಿದ್ದರೆ ದಂಡೆ ಅಥವಾ ಕೊರಕಲಿನ ಆಳದ ಮಣ್ಣು ಎಂಬುದು ತರ್ಕ. ಆದರೆ ಮೇಲ್ಪದರ ಈಗಾಗಲೇ ಕೊಚ್ಚಿಹೋಗಿರುವ ಹೊಲದ ಮಣ್ಣೂ ಕೊರಕಲಿನ ಮಣ್ಣಿನಂತೆಯೇ ತೋರುತ್ತದೆ! ಅಂದರೆ ತಪ್ಪು ಎರಡೂ ದಿಕ್ಕಿಗೆ ಆಗಬಹುದು, ರೈತರ ವಿರುದ್ಧವೇ ಎಂದೇನಿಲ್ಲ. ಇದರ ಅರ್ಧಾಯುಷ್ಯ ಸುಮಾರು 30 ವರ್ಷವಾದುದರಿಂದ ಅಂದು ಬಿದ್ದುದರಲ್ಲಿ ಅರ್ಧಕ್ಕಿಂತಲೂ ಕಡಿಮೆ ಉಳಿದಿದೆ. ಅಳತೆಯ ದೋಷವೂ ಅಷ್ಟರಮಟ್ಟಿಗೆ ಹಿಗ್ಗುತ್ತದೆ.

ತುಂಗಭದ್ರೆಯ ಜಲಾನಯನದಲ್ಲಿ ಇನ್ನೊಂದು ತೊಡಕಿದೆ. ಭದ್ರೆಯ ಮೇಲ್ಭಾಗದ ಹೂಳಿನ ಬಹುಪಾಲು ಲಕ್ಕವಳ್ಳಿಯ ಅಣೆಕಟ್ಟೆಯಲ್ಲೇ ತಂಗುತ್ತದೆ. ವರದಾ ನದಿಯು ಹಾವೇರಿ ಸೀಮೆಯ ಕಪ್ಪುಮಣ್ಣನ್ನೂ ಹೊತ್ತು ತರುತ್ತದೆ. ಬಿತ್ತನೆಗೆ ಹದಮಾಡಿದ ಬರಿನೆಲದ ಮೇಲೆ ಮುಂಗಾರಿನ ಆರಂಭದ ಬಿರುಮಳೆ ಸುರಿದಾಗ ಸಿಗುವ ಮಾದರಿಗೂ ಮಲೆನಾಡಿನ ಜುಲೈ ನೆರೆಯ ಮಾದರಿಗೂ ಉತ್ತರ ಬೇರೆಯಾಗುವುದು ಸಹಜ.

ಈ ಶೇಕಡಾವಾರುಗಳು ಕೇವಲ ವಿದ್ವತ್ತಿನ ಸಂಗತಿಯಲ್ಲ. ಹೊಲಗಳಿಗೆ ಬದು ನಿರ್ಮಿಸಬೇಕೇ, ದಂಡೆಗಳನ್ನು ಭದ್ರಪಡಿಸಬೇಕೇ ಎಂಬ ವೆಚ್ಚದ ತೀರ್ಮಾನ ಅವುಗಳ ಮೇಲೆ ನಿಂತಿರುತ್ತದೆ. ಆದ್ದರಿಂದ ‘ಹೊಲಗಳ ಪಾಲು ಶೇ 60’ ಎಂದು ಯಾರಾದರೂ ಹೇಳಿದರೆ, ಅದು 55ರಿಂದ 65ರ ನಡುವಿನದೋ 30ರಿಂದ 90ರ ನಡುವಿನದೋ ಎಂದು ಕೇಳಿರಿ. ಎಷ್ಟು ನೆರೆಗಳಲ್ಲಿ, ಯಾವ ಉಪನದಿಗಳಲ್ಲಿ ಮಾದರಿ ತೆಗೆದರೆಂಬುದನ್ನೂ ವಿಚಾರಿಸಿರಿ. ಇಳಿಜಾರಿಗೆ ಅಡ್ಡಲಾಗಿ ಉಳುವುದಕ್ಕೂ ಬದು ಕಾಪಾಡುವುದಕ್ಕೂ ಈ ಉತ್ತರಗಳಿಗಾಗಿ ಕಾಯಬೇಕಿಲ್ಲ. ಹೂಳಿನಲ್ಲಿ ತಮ್ಮ ಪಾಲು ಎಷ್ಟೇ ಇರಲಿ, ಹೋಗುವ ಮೇಲ್ಮಣ್ಣು ತಮ್ಮದೇ.