ಏಕಾಂತಕ್ಕೆ ಬಣ್ಣವಿಲ್ಲವೇ?

ಮುಂಬಯಿಯಲ್ಲಿ ಕಪ್ಪು ಬಿಳುಪು ಬೀದಿಚಿತ್ರಗಳ ಪ್ರದರ್ಶನ ಎಲ್ಲಿಯೇ ನಡೆಯಲಿ, ಅಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಮಳೆಗಾಲದ ಮರೀನ್ ಡ್ರೈವ್, ಬೂದಿಯಂಥ ಕಡಲು, ಕೊಡೆ ಹಿಡಿದು ನಮಗೆ ಬೆನ್ನು ಮಾಡಿ ನಿಂತ ಒಬ್ಬ ಮನುಷ್ಯ. ಕೆಳಗೆ ‘ಏಕಾಂತ’ ಎಂದೋ ‘ಸಾಲಿಟ್ಯೂಡ್’ ಎಂದೋ ಹೆಸರು. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಈ ಊರಿನಲ್ಲಿ ಬಹುಕಾಲ ಬಾಳಿದ ನನಗೆ ಅದನ್ನು ಕಂಡಾಗಲೆಲ್ಲ ಒಂದು ಅನುಮಾನ ಬರುತ್ತದೆ. ಆ ಗಳಿಗೆಯಲ್ಲಿ ಚೌಕಟ್ಟಿನ ಎಡಕ್ಕೂ ಬಲಕ್ಕೂ ಎಷ್ಟು ಜನರಿದ್ದರು? ಸುಟ್ಟ ಜೋಳ ಮಾರುವವರು, ಅಲೆ ಸಿಡಿದಾಗ ಕಿರುಚುವ ಕಾಲೇಜು ಹುಡುಗರು, ಮಗುವಿನ ಚಪ್ಪಲಿ ಹುಡುಕುತ್ತಿರುವ ತಾಯಿ. ಅವರನ್ನೆಲ್ಲ ಕತ್ತರಿಸಿ ಹೊರಗಿಟ್ಟ ಮೇಲೆ ಉಳಿದದ್ದನ್ನು ಆ ಮನುಷ್ಯನ ಏಕಾಂತವೆಂದು ಕರೆಯಬಹುದೇ?

ಈ ಅನುಮಾನ ನನಗೆ ಪುಸ್ತಕ ಓದಿ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಮಾಟುಂಗದ ಫೈವ್ ಗಾರ್ಡನ್ಸಿನಲ್ಲಿ, ಮರದ ನೆರಳು ಅಡ್ಡಬಿದ್ದ ಬೆಂಚಿನ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ಕೈಗಳೆರಡೂ ಮಡಿಲಲ್ಲಿ, ದೃಷ್ಟಿ ಎಲ್ಲೋ ದೂರದಲ್ಲಿ. ನಾನು ಕ್ಯಾಮೆರಾ ಎತ್ತಿದೆ. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಮೂಡಿದ ಚಿತ್ರಕ್ಕೆ ಮನಸ್ಸಿನಲ್ಲೇ ‘ಒಂಟಿ’ ಎಂದು ಹೆಸರಿಟ್ಟೂ ಆಯಿತು. ಅವರು ನನ್ನನ್ನು ಗಮನಿಸಿದ್ದರು. ಹತ್ತಿರ ಕರೆದು, ತೋರಿಸಿ ನೋಡೋಣ ಎಂದು ಮರಾಠಿಯಲ್ಲಿ ಕೇಳಿದರು. ನೋಡಿ ನಕ್ಕರು. “ಇದೇನು, ತೀರಿಕೊಂಡವರ ಫೋಟೋದ ಹಾಗೆ ಮಾಡಿಬಿಟ್ಟಿರಲ್ಲ! ಶರ್ಟು ಹೊಸದು, ಮಗಳು ಕೊಡಿಸಿದ್ದು. ಬಣ್ಣದಲ್ಲಿ ತೆಗೆಯಬಾರದಿತ್ತೇ?” ಮೊಮ್ಮಗಳ ಟ್ಯೂಷನ್ ಬಿಡುವುದನ್ನು ಕಾಯುತ್ತ ಅವರು ಅಲ್ಲಿ ಕುಳಿತಿದ್ದರು. ಐದೇ ನಿಮಿಷದಲ್ಲಿ ಅವಳು ಬಂದಳು, ಇಬ್ಬರೂ ಜಗಳವಾಡುತ್ತ ಹೊರಟುಹೋದರು.

ಬಣ್ಣ ತೆಗೆದಾಗ ಶರ್ಟಿನ ಹೊಸತನ ಹೋಯಿತು. ಅದರೊಂದಿಗೆ ಮಗಳೂ ಮೊಮ್ಮಗಳೂ ಹೋದರು. ಉಳಿದದ್ದು ‘ವೃದ್ಧ’ ಎಂಬ ಒಂದು ಮಾದರಿ. ಬಣ್ಣವೆಂಬುದು ಒಬ್ಬ ಮನುಷ್ಯನನ್ನು ಅವನ ಕಾಲಕ್ಕೆ, ಮನೆಗೆ, ಹಬ್ಬಕ್ಕೆ ಕಟ್ಟಿಹಾಕುವ ದಾರ. ಆ ದಾರ ಕತ್ತರಿಸಿದೊಡನೆ ಯಾರು ಬೇಕಾದರೂ ಒಂಟಿಯಾಗಿ ಕಾಣುತ್ತಾರೆ. ಫಿಲ್ಮಿನ ಕಾಲದಲ್ಲಿ ಕಪ್ಪು ಬಿಳುಪಿನ ಸುರುಳಿ ತುಂಬಿಸಿಕೊಂಡು ಹೊರಟವನು ಬೀದಿಯನ್ನು ಮೊದಲಿನಿಂದಲೇ ಬೆಳಕು ನೆರಳುಗಳ ಲೆಕ್ಕದಲ್ಲಿ ನೋಡಬೇಕಾಗಿತ್ತು. ಈಗ ಬಣ್ಣದಲ್ಲಿ ತೆಗೆದು, ಮನೆಗೆ ಬಂದು, ಬೆರಳ ತುದಿಯಲ್ಲಿ ವಿಷಾದ ಬೆರೆಸುತ್ತೇವೆ. ಹಪ್ಪಳಕ್ಕೆ ಖಾರದ ಪುಡಿ ಉದುರಿಸಿದ ಹಾಗೆ.

ಹಾಗೆಂದು ಬೀದಿಯಲ್ಲಿ ಸಿಕ್ಕಿದ್ದೇ ಸತ್ಯ, ಕಟ್ಟಿದ್ದು ಸುಳ್ಳು ಎಂಬ ವಾದ ನನ್ನದಲ್ಲ. ಹಾಂಗ್‌ಕಾಂಗಿನ ಫ್ಯಾನ್ ಹೋ ಅವರ 1954ರ ‘ಅಪ್ರೋಚಿಂಗ್ ಶ್ಯಾಡೋ’ ಈ ಬಗೆಯ ಚಿತ್ರಗಳಲ್ಲಿ ಬಹುಶಃ ಅತ್ಯಂತ ಪ್ರಸಿದ್ಧವಾದದ್ದು. ಎತ್ತರದ ಬಿಳಿಗೋಡೆ, ಅದರ ಬುಡದಲ್ಲಿ ತಲೆ ತಗ್ಗಿಸಿ ನಿಂತ ಯುವತಿ, ಕರ್ಣರೇಖೆಯಾಗಿ ಇಳಿದುಬರುವ ಕಪ್ಪು ನೆರಳು. ಆ ಯುವತಿ ಅವರ ಸೋದರ ಸಂಬಂಧಿ, ಅಲ್ಲಿ ನಿಲ್ಲಿಸಿದವರು ಅವರೇ. ನೆರಳಂತೂ ಗೋಡೆಯ ಮೇಲೆ ಇರಲೇ ಇಲ್ಲ; ಅದನ್ನು ಕತ್ತಲೆ ಕೋಣೆಯಲ್ಲಿ ಸೇರಿಸಿದರು. ಮುಂದೆ ಚಲನಚಿತ್ರಗಳಲ್ಲಿ ನಟಿಸಿ, ನಿರ್ದೇಶನವನ್ನೂ ಮಾಡಿದವರಿಗೆ ಇದು ಅಸಹಜವೇನಲ್ಲ. ನನಗೆ ಅದು ಪ್ರಾಮಾಣಿಕ ಚಿತ್ರವಾಗಿಯೇ ಕಾಣುತ್ತದೆ. ಏಕೆಂದರೆ ಅಲ್ಲಿರುವ ಏಕಾಂತ ಛಾಯಾಗ್ರಾಹಕನದು, ಅದನ್ನು ಅವನು ದಾರಿಹೋಕರೊಬ್ಬರ ತಲೆಗೆ ಕಟ್ಟಿಲ್ಲ. ನಾನು ಫೈವ್ ಗಾರ್ಡನ್ಸಿನಲ್ಲಿ ಮಾಡಹೊರಟದ್ದು ಅದನ್ನೇ.

ನಮ್ಮ ಭಾಷೆ ಇಲ್ಲಿ ನೆರವಿಗೆ ಬರುತ್ತದೆ. ‘ಒಂಟಿತನ’ ಎಂದರೆ ಜೊತೆಯ ಕೊರತೆ. ‘ಏಕಾಂತ’ ಹಾಗಲ್ಲ. ಗಂಡ ಹೆಂಡಿರ ಏಕಾಂತ ಎನ್ನುತ್ತೇವೆ, “ಸ್ವಲ್ಪ ಏಕಾಂತವಾಗಿ ಮಾತಾಡಬೇಕು” ಎನ್ನುತ್ತೇವೆ, ಅಲ್ಲೆಲ್ಲ ಇಬ್ಬರಿದ್ದಾರೆ. ಉಡುಪಿಯ ಕೃಷ್ಣನಿಗೆ ದಿನದ ಕೊನೆಯಲ್ಲಿ ನಡೆಯುವುದು ಏಕಾಂತ ಸೇವೆ. ಕನ್ನಡದಲ್ಲಿ ಏಕಾಂತವೆಂದರೆ ಪರರ ದೃಷ್ಟಿಯಿಂದ ಬಿಡುಗಡೆ, ಯಾರೂ ನೋಡದಿರುವ ಸುಖ. ಹಾಗಾದರೆ ಬೀದಿಯ ಛಾಯಾಗ್ರಾಹಕನ ಪಾಡು ವಿಚಿತ್ರವೇ ಸರಿ: ಅವನು ಕಣ್ಣಿಟ್ಟ ಕ್ಷಣದಲ್ಲೇ ಅವನು ಹಿಡಿಯಹೊರಟದ್ದು ಮುಗಿದುಹೋಗಬಹುದು.

ಇದಕ್ಕೆ ದಾರಿಗಳಿಲ್ಲದಿಲ್ಲ. ಹಂಗೇರಿಯಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಬೆಳಗಿ, ನ್ಯೂಯಾರ್ಕಿನಲ್ಲಿ ಬಾಳಿದ ಆಂದ್ರೆ ಕೆರ್ಟೆಸ್ ದಶಕಗಳ ಕಾಲ ಓದುವವರ ಚಿತ್ರಗಳನ್ನು ತೆಗೆದರು. ಬಾಲ್ಕನಿ, ತಾರಸಿ, ಉದ್ಯಾನದ ಬೆಂಚು, ಎಲ್ಲೆಂದರಲ್ಲಿ. 1971ರಲ್ಲಿ ಅವು ‘ಆನ್ ರೀಡಿಂಗ್’ ಎಂಬ ಪುಸ್ತಕವಾದವು. ಓದುತ್ತಿರುವವರಿಗೆ ಕ್ಯಾಮೆರಾ ಇಲ್ಲ, ನಾವೂ ಇಲ್ಲ. ಆ ಚಿತ್ರಗಳಲ್ಲಿ ದುಃಖವನ್ನು ಹುಡುಕಿದರೂ ಸಿಗುವುದು ಕಷ್ಟ. ಏಕಾಂತವನ್ನು ದುಃಖದಿಂದ ಬಿಡಿಸಿ ತೋರಿಸಿದ್ದು ಅವರ ಹೆಚ್ಚುಗಾರಿಕೆ.

ಮುಂಬಯಿಯ ಮಟ್ಟಿಗೆ ಹೇಳುವುದಾದರೆ, ಈ ಊರಿನ ಏಕಾಂತವನ್ನು ಕಂಡವರು ದೆಹಲಿಯ ರಘು ರಾಯ್. ಅವರ 1995ರ ಚರ್ಚ್‌ಗೇಟ್ ನಿಲ್ದಾಣದ ಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಷಟರ್ ನಿಧಾನವಾಗಿ ಮುಚ್ಚಿದ್ದರಿಂದ ಪ್ಲಾಟ್‌ಫಾರ್ಮಿನ ಮೇಲೆ ನುಗ್ಗುವ ಜನಸಾಗರಕ್ಕೆ ಮುಖವಿಲ್ಲ, ಅಂಚಿಲ್ಲ. ಹೊಗೆಯಂತೆ, ಹೊಳೆಯಂತೆ ಹರಿಯುತ್ತದೆ. ಅದರ ನಡುವೆ ಪತ್ರಿಕೆಯಲ್ಲಿ ಮುಳುಗಿದವರು ಮಾತ್ರ ಕಲ್ಲಿನಂತೆ ಸ್ಪಷ್ಟ. ಅಲ್ಲಿ ಏಕಾಂತ ಕಾಣಿಸುವುದಕ್ಕಾಗಿ ಯಾರನ್ನೂ ಚೌಕಟ್ಟಿನಿಂದ ಹೊರದಬ್ಬಿಲ್ಲ. ಜನಜಂಗುಳಿ ಇರುವುದರಿಂದಲೇ ಅದು ಕಾಣಿಸುತ್ತದೆ. ಕಪ್ಪು ಬಿಳುಪಿಗೆ ಅಲ್ಲಿ ನಿಜವಾದ ಕೆಲಸವೂ ಇದೆ. ಅದೇ ಚಿತ್ರ ಬಣ್ಣದಲ್ಲಿದ್ದಿದ್ದರೆ ಒಂದು ಕೆಂಪು ಚೀಲವೋ ಒಂದು ಹಳದಿ ಅಂಗಿಯೋ ಹೊಳೆಯನ್ನು ಒಡೆದು ಮತ್ತೆ ಬಿಡಿ ಬಿಡಿ ಮನುಷ್ಯರನ್ನಾಗಿ ಮಾಡುತ್ತಿತ್ತು.

ಒಂದೇ ಕೋಣೆಯ ಚಾಳಿನಲ್ಲಿ ಸಂಸಾರ ಹೂಡಿದವರಿಗೆ, ಹೋಟೆಲಿನ ಮೇಜುಗಳನ್ನು ಒತ್ತಿಟ್ಟು ಅಲ್ಲಿಯೇ ಮಲಗಿ, ರಾತ್ರಿ ಶಾಲೆಯಲ್ಲಿ ಕಲಿತು ಬೆಳೆದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಏಕಾಂತವೆಂಬುದು ಗುಂಪು ಕೊಡುವ ದಾನ. ಲೋಕಲ್ ಗಾಡಿಯಲ್ಲಿ ಪತ್ರಿಕೆಯನ್ನು ಅಂಗೈಯಗಲಕ್ಕೆ ಮಡಚಿ ಓದುವವನ ಮೊಣಕೈಯನ್ನು ಪಕ್ಕದವನು ಸಹಿಸಿಕೊಳ್ಳುತ್ತಾನೆ. ಬಾಗಿಲ ಕಂಬಿಗೆ ಒರಗಿ ಕಣ್ಣು ಮುಚ್ಚಿದ ಹೆಂಗಸನ್ನು ಯಾರೂ ಮಾತಾಡಿಸುವುದಿಲ್ಲ. ಅದೇ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಸಂಜೆಯಾದರೆ ಜೋಡಿಗಳು ಸಾಲಾಗಿ ಕಡಲಿಗೆ ಮುಖ ಮಾಡಿ ಕುಳಿತಿರುತ್ತವೆ. ಜೋಡಿಗೂ ಜೋಡಿಗೂ ನಡುವೆ ಎರಡು ಮಾರಿನ ಅಂತರವೂ ಇಲ್ಲ. ಆದರೂ ಪ್ರತಿ ಜೋಡಿಯೂ ಏಕಾಂತದಲ್ಲಿದೆ. ಹಿಂದೆ ಓಡಾಡುವ ಸಾವಿರ ಜನ ನೋಡದ ಹಾಗೆ ನಡೆದುಹೋಗುತ್ತಾರೆ, ಅಷ್ಟೇ. ಕೊಡೆಯ ಮನುಷ್ಯನನ್ನು ಬಿಟ್ಟು ಆ ಬೆನ್ನುಗಳ ಸಾಲನ್ನು ಯಾರಾದರೂ ದೂರದಿಂದ, ಮುಖಗಳಿಗೆ ಕೈಹಾಕದೆ ತೆಗೆದರೆ ನಾನು ಟಿಕೆಟ್ ಕೊಂಡು ಹೋಗಿ ನೋಡುತ್ತೇನೆ.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಫುಟ್‌ಪಾತಿನ ಮೇಲೆ ಮಲಗಿದವರ ಚಿತ್ರಗಳನ್ನು ದಯವಿಟ್ಟು ಈ ಹೆಸರಿನಲ್ಲಿ ತೂಗುಹಾಕಬೇಡಿ. ಮುಚ್ಚಿಕೊಳ್ಳಲು ಬಾಗಿಲಿಲ್ಲದವನಿಗೆ ಏಕಾಂತವೇ ಇಲ್ಲ, ಅವನ ಬಡತನವೆಂದರೆ ಅದೂ ಒಂದು. ಮನೆಯಿಲ್ಲದಿರುವುದನ್ನು ಬೂದುಬಣ್ಣದಲ್ಲಿ ಅದ್ದಿ ಅಧ್ಯಾತ್ಮವನ್ನಾಗಿ ಮಾಡುವುದಕ್ಕಿಂತ, ಬಣ್ಣದಲ್ಲಿ ತೆಗೆದು ಪತ್ರಿಕೆಗೆ ಕಳುಹಿಸುವುದು ಮೇಲು.

ನಮ್ಮ ಬಳಗದ ಕಿರಿಯರೊಬ್ಬರು, ಹಾಗಾದರೆ ಪ್ರತಿಯೊಬ್ಬರನ್ನೂ ಕೇಳಿಯೇ ತೆಗೆಯಬೇಕೇ, ಕೇಳಿದರೆ ಆ ಕ್ಷಣ ಉಳಿದೀತೇ ಎಂದು ವಾದಿಸಿದರು. ಉಳಿಯುವುದಿಲ್ಲ, ನಿಜ. ತೆಗೆದ ಮೇಲೆ ತೋರಿಸಬಹುದಲ್ಲ ಎಂದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ತೋರಿಸಿದ್ದರಿಂದಲೇ ನನ್ನ ಒಳ್ಳೆಯ ಚಿತ್ರವೊಂದು ಕೆಟ್ಟದ್ದನ್ನು ಅವರು ಆಗಲೇ ಕೇಳಿದ್ದರು.

ಆ ಚಿತ್ರ ಈಗಲೂ ನನ್ನ ಬಳಿ ಇದೆ. ಅದರ ಮೂಲ ಡಿಜಿಟಲ್ ಕಡತದಲ್ಲಿ ಬಣ್ಣ ಹಾಗೆಯೇ ಉಳಿದಿದ್ದರಿಂದ ಮೊನ್ನೆ ಅದನ್ನು ತಿರುಗಿ ತೆರೆದು ನೋಡಿದೆ. ಶರ್ಟು ತಿಳಿಹಸಿರು, ತೋಳಿನ ಮೇಲೆ ಇಸ್ತ್ರಿಯ ಗೆರೆ ಇನ್ನೂ ಮಾಸಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ, ಅಂದು ನೆರಳೆಂದು ನಾನು ತಿಳಿದಿದ್ದ ಕಡೆ, ಮೊಮ್ಮಗಳಿಗೆಂದು ತಂದಿದ್ದ ನೀರಿನ ಬಾಟಲಿ ಇದೆ, ಗುಲಾಬಿ ಬಣ್ಣದ್ದು.