ದಾರಿ ನಕಾಶೆಯಲ್ಲಿದೆ, ನೆಲದ ಮೇಲಿಲ್ಲ

ಇಂಟರ್ನಲ್ಸ್ ಹತ್ತಿರ ಬಂದಾಗಲೇ ಫೋನು ಬೇಡದ್ದನ್ನೆಲ್ಲ ತೋರಿಸೋದು, ಇದು ನಿಮಗೂ ಗೊತ್ತು. ಕಳೆದ ಸಲ ನಮ್ಮ ಗುಂಪಿಗೆ ಅದು ತೋರಿಸಿದ್ದು ಸ್ಪೇನ್. ಹಳ್ಳಿಗಾಡಿನ ಮಣ್ಣುದಾರಿ, ಎರಡೂ ಕಡೆ ಆಲಿವ್ ತೋಟ, ಮೌಂಟನ್ ಬೈಕ್ ಮೇಲೆ ಧೂಳೆಬ್ಬಿಸ್ತಾ ಹೋಗೋ ಮೂರು ಜನ. "ಮಗಾ, ಕೆಲಸ ಸಿಕ್ಕಿದ್ಮೇಲೆ ಇಲ್ಲಿಗೆ ಹೋಗಲೇಬೇಕು" ಅಂದ ನಮ್ಮಲ್ಲೊಬ್ಬ. ಹೂಂ ಅಂದೆವು. ಪರೀಕ್ಷೆ ಮುಗಿದ ಭಾನುವಾರ ಬೆಳಗ್ಗೆ ಐದೂವರೆಗೆ ಗಾಂಧಿ ಬಜಾರಿನಲ್ಲಿ ಸೇರಿ ನಮ್ಮದೇ ಮಣ್ಣುದಾರಿಗೆ ಹೊರಟೆವು. ಹೋಗಿ ನೋಡಿದರೆ ದಾರಿಯೇ ಇರಲಿಲ್ಲ.

ನಾವು ನಾಲ್ಕು ಜನ. ಇಬ್ಬರು ಬಸವನಗುಡಿ, ಒಬ್ಬ ಚಾಮರಾಜಪೇಟೆ, ಒಬ್ಬಳು ಮಲ್ಲೇಶ್ವರಂ (ನಮಗಿಂತ ಮುಕ್ಕಾಲು ಗಂಟೆ ಮೊದಲೇ ಏಳಬೇಕು ಅನ್ನೋದನ್ನ ಅವಳು ಪ್ರತಿ ವಾರ ನೆನಪಿಸ್ತಾಳೆ). ಸೈಕಲ್‌ಗಳು ರೀಲ್‌ನಲ್ಲಿ ಇದ್ದಂಥವಲ್ಲ. ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್, ಎರಡು ಸೆಕೆಂಡ್ ಹ್ಯಾಂಡ್. ಬುಲ್ ಟೆಂಪಲ್ ರಸ್ತೆ ಹಿಡಿದು ಬನಶಂಕರಿ ದಾಟಿ ಕನಕಪುರ ರಸ್ತೆ ಸೇರ್ತೀವಿ. ಮೆಟ್ರೊದ ಹಸಿರು ಮಾರ್ಗ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಮುಗಿಯುತ್ತಲ್ಲ, ನಮ್ಮ ನಿಜವಾದ ಸವಾರಿ ಶುರುವಾಗೋದು ಅದರ ಆಚೆಗೆ. ಡಾಂಬರು ಬಿಟ್ಟು ಒಳಕ್ಕೆ ತಿರುಗಿದ ಮೇಲೆ ಚಕ್ರದ ಗಾಳಿ ಸ್ವಲ್ಪ ಇಳಿಸ್ತೀವಿ. ಕೆಮ್ಮಣ್ಣಿನಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ಓಡಾಡಿ ಆಗಿರೋ ಎರಡು ಜಾಡು, ನಡುವೆ ಹುಲ್ಲಿನ ದಿಬ್ಬ. ಜಾಡಿಗೆ ಚಕ್ರ ಇಳಿದರೆ ಹೊರಗೆ ಬರೋದು ಕಷ್ಟ, ದಿಬ್ಬದ ಮೇಲೆ ಹೋದರೆ ಜಾಲಿ ಮುಳ್ಳು. ಪಂಕ್ಚರ್ ಕಿಟ್ ಇಲ್ಲದೆ ಹೋದ ಒಂದೇ ಒಂದು ಸಲ ಎಂಟು ಕಿಲೋಮೀಟರ್ ತಳ್ಳಿದ್ದೀವಿ. ರಾಗಿ ಹೊಲ, ಅದರ ಮಧ್ಯೆ ಅಕ್ಕಡಿ ಸಾಲಲ್ಲಿ ಅವರೆ. ಸುಗ್ಗಿ ಸಮಯದಲ್ಲಿ ರಸ್ತೆ ಮೇಲೇ ಹುರುಳಿ ಹರಡಿರ್ತಾರೆ, ಬ್ರೇಕ್ ಹಿಡಿದರೆ ಬಿದ್ದ ಹಾಗೇ. ಸ್ಪೇನಿನಲ್ಲಿ ಇಷ್ಟು ಮಜಾ ಇರತ್ತೋ ಇಲ್ವೋ.

ಆ ಭಾನುವಾರ ಇಂಥದ್ದೇ ಒಂದು ಗಾಡಿದಾರಿ ತಿರುವಿನಲ್ಲಿ ಹೊಸ ಕಾಂಪೌಂಡ್ ಗೋಡೆಗೆ ಬಂದು ನಿಂತಿತ್ತು. ಹಾಲೋಬ್ಲಾಕ್, ಇನ್ನೂ ಸಾರಣೆ ಆಗಿಲ್ಲ. ಒಳಗೆ ಜೆಸಿಬಿ, ಕಮಾನು, ಸೈಟುಗಳ ಬೋರ್ಡು. ಹಿಂದಿನಿಂದ ಎರಡು ಹಸು ಹೊಡ್ಕೊಂಡು ಬಂದ ಅಜ್ಜಿ ನಮ್ಮನ್ನು ನೋಡಿ, "ಎಲ್ಲಿಗ್ ಹೋಗ್ಬೇಕ್ರಪ್ಪಾ? ಮುಚ್ಚವ್ರೆ. ಸುತ್ಕೊಂಡ್ ಹೋಗಿ" ಅಂದರು. ಸುತ್ತೋದು ಎಷ್ಟು ದೂರ ಅಂತ ನಾವು ಆಮೇಲೆ ಅಳೆದೆವು: ಎರಡೂವರೆ ಕಿಲೋಮೀಟರ್. ನಮಗೆ ಹತ್ತು ನಿಮಿಷ. ಅಜ್ಜಿಗೆ ಅವರ ಹೊಲ ಗೋಡೆಯ ಆಚೆ ಕಾಣಿಸ್ತಿದೆ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ.

ನಮಗೆ ಮೊದಲು ಬಂದ ಸಿಟ್ಟು ನಮ್ಮ ರೂಟ್ ಹಾಳಾಯ್ತು ಅನ್ನೋದು. ಅದನ್ನ ಮುಚ್ಚಿಡಲ್ಲ. ಆದರೆ ಅಜ್ಜಿ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳೀತು: "ನಕಾಶೆ ಕಂಡ ದಾರಿ ಕಣ್ರಪ್ಪಾ ಇದು." ನಮಗೆ ನಾಲ್ವರಿಗೂ ಅರ್ಥ ಆಗಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ನಕಾಶೆ ಅಂದರೆ ಮ್ಯಾಪ್ ಅನ್ನೋ ತನಕ ಮಾತ್ರ ಬರುತ್ತೆ.

ಮನೆಗೆ ಬಂದು ಹುಡುಕಿದೆವು. ಕಂದಾಯ ಇಲಾಖೆಯ ಮೂಲ ಗ್ರಾಮ ನಕ್ಷೆಗಳು ಆನ್‌ಲೈನ್‌ನಲ್ಲಿ ಪಿಡಿಎಫ್ ಆಗಿ ಸಿಗ್ತವೆ, ಯಾರು ಬೇಕಾದರೂ ಇಳಿಸ್ಕೋಬಹುದು. ಅದರಲ್ಲಿ ಎರಡು ಸಾಲು ತುಂಡುಗೆರೆ ಇದ್ದರೆ ಬಂಡಿದಾರಿ, ಒಂದೇ ಸಾಲು ಇದ್ದರೆ ಕಾಲುದಾರಿ. ಹೀಗೆ ನಕ್ಷೆಯಲ್ಲಿ ಗುರುತಾದದ್ದೇ ನಕಾಶೆ ಕಂಡ ದಾರಿ. ದಾರಿ, ಹಳ್ಳ ಮುಂತಾದ ಸಾರ್ವಜನಿಕ ಜಾಗವನ್ನು ಪಹಣಿಯಲ್ಲಿ 'ಬಿ' ಖರಾಬು ಅಂತ ತೋರಿಸ್ತಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿ ಎಲ್ಲ ಸರ್ಕಾರದ ಸ್ವತ್ತು. ದಿಶಾಂಕ್ ಅನ್ನೋ ಸರ್ಕಾರದ ಆಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಮುಂದಿನ ವಾರ ಅದನ್ನೂ ನಕ್ಷೆಯನ್ನೂ ಹಿಡ್ಕೊಂಡು ಗೋಡೆ ಹತ್ತಿರ ನಿಂತೆವು. ತುಂಡುಗೆರೆ ಎರಡೂ ಗೋಡೆಯ ಒಳಕ್ಕೆ ಹೋಗಿ ಆ ಕಡೆಯಿಂದ ಹೊರಗೆ ಬರ್ತವೆ. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗೋದು ನಿಜ, ಅಳತೆ ಮಾಡಬೇಕಾದವರು ಸರ್ವೇಯರ್. ಆದರೆ ಇಡೀ ದಾರಿ ನಾಲ್ಕೈದು ಮೀಟರಲ್ಲಿ ಮಾಯ ಆಗಲ್ಲ.

ಈಗ ಸ್ಪೇನಿಗೆ ವಾಪಸ್ ಬರ್ತೀವಿ. ಆ ರೀಲ್‌ನ ದಾರಿಗಳು ಎಲ್ಲಿಂದ ಬಂದವು ಅಂತ ಓದಿದಾಗ ಗೊತ್ತಾಗಿದ್ದು, ಅಲ್ಲಿನ ಎಷ್ಟೋ ಮಣ್ಣುದಾರಿಗಳನ್ನ ಸೈಕಲ್‌ನವರಿಗೆ ಅಂತ ಯಾರೂ ಮಾಡಿಲ್ಲ. ಅವು ಕುರಿದಾರಿಗಳು. 1273ರಲ್ಲಿ ಹತ್ತನೇ ಆಲ್ಫೊನ್ಸೊ ದೊರೆ ಕುರಿ ಸಾಕುವವರ ಸಂಘ 'ಮೆಸ್ತಾ'ಕ್ಕೆ ಮಾನ್ಯತೆ ಕೊಟ್ಟ. ಚಳಿಗೆ ದಕ್ಷಿಣಕ್ಕೆ, ಬೇಸಿಗೆಗೆ ಬೆಟ್ಟಕ್ಕೆ ಹಿಂಡು ಹೋಗೋ ಈ ದಾರಿಗಳಲ್ಲಿ ದೊಡ್ಡವು 75 ಮೀಟರ್ ತನಕ ಅಗಲ. ಎಲ್ಲ ಸೇರಿ ಸುಮಾರು 1,25,000 ಕಿಲೋಮೀಟರ್. ಕುರಿ ಕಡಿಮೆ ಆದವು, ದಾರಿ ಒತ್ತುವರಿ ಆಗ್ತಾ ಬಂತು. 1995ರಲ್ಲಿ ಕಾನೂನು ಮಾಡಿ, ಇವು ಸಾರ್ವಜನಿಕ ಸ್ವತ್ತು, ಮಾರೋ ಹಾಗಿಲ್ಲ, ಎಷ್ಟು ವರ್ಷ ಒತ್ತುವರಿ ಮಾಡ್ಕೊಂಡಿದ್ದರೂ ಹಕ್ಕು ಬರಲ್ಲ ಅಂದರು. ಮೊದಲ ಹಕ್ಕು ಹಿಂಡಿನದು, ಅದಕ್ಕೆ ತೊಂದರೆ ಆಗದ ಹಾಗೆ ನಡೆಯೋರು, ಕುದುರೆಯವರು, ಮೋಟರ್ ಇಲ್ಲದ ಗಾಡಿಯವರು ಬಳಸಬಹುದು. ಮೋಟರ್ ಇಲ್ಲದ ಗಾಡಿ ಅಂದರೆ ಸೈಕಲ್. ವರ್ಷಕ್ಕೊಂದು ಸಲ ಮ್ಯಾಡ್ರಿಡ್ ನಗರದ ನಟ್ಟನಡುವೆ ಕುರಿ ಹಿಂಡು ನಡೆಸ್ಕೊಂಡು ಹೋಗಿ ಆ ಹಕ್ಕನ್ನು ನೆನಪಿಸ್ತಾರೆ. ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ, ಮ್ಯಾಡ್ರಿಡ್ ಪಕ್ಕದ ಒಂದು ಹಳೇ ಕುರಿದಾರಿ ಮೇಲೆ ಸಾವಿರಾರು ಜನರ ಬಡಾವಣೆಯೇ ಎದ್ದಿದೆ.

ನಮ್ಮಲ್ಲೂ ಇಂಥದ್ದು ಇತ್ತು, ಅಮೃತಮಹಲ್ ದನಗಳ ಕಾವಲುಗಳು. ಮೈಸೂರು ಸಂಸ್ಥಾನದ ದನ ಋತುವಿಗೆ ತಕ್ಕ ಹಾಗೆ ಕಾವಲಿಂದ ಕಾವಲಿಗೆ ಹೋಗ್ತಿದ್ದವು. ಈಗ ನಮ್ಮ ಕಡೆ 'ಕಾವಲ್' ಅನ್ನೋದು ಬಸ್ಸಿನ ಬೋರ್ಡಿನಲ್ಲಿ ಉಳಿದಿರೋ ಪದ.

ಸೈಕಲ್ ಗೆಳೆಯರಿಗೆ ನಮ್ಮ ತಕರಾರು ಇಲ್ಲೇ. ಎಲ್ಲೇ ಮಾತಾಡಿದರೂ 'ಬೆಂಗಳೂರಿಗೊಂದು ಎಂಟಿಬಿ ಪಾರ್ಕ್ ಬೇಕು' ಅಂತಾರೆ. ನಮಗೆ ಅದು ಬೇಡ ಅನ್ನಿಸುತ್ತೆ. ಬೇಲಿ, ಟಿಕೆಟ್, ಪಾರ್ಕಿಂಗ್, ಒಳಗೆ ಬುಲ್ಡೋಜರ್ ಮಾಡಿದ ಗುಡ್ಡ. ತುರಹಳ್ಳಿ ಕಾಡನ್ನು ಟ್ರೀ ಪಾರ್ಕ್ ಮಾಡೋ ಯೋಜನೆ ಬಂದಾಗ, 2021ರ ಆರಂಭದಲ್ಲಿ, ಸುತ್ತಲಿನ ನಿವಾಸಿಗಳ ಜೊತೆ ಸೈಕಲ್‌ನವರೂ ಬೀದಿಗಿಳಿದರು, ಯೋಜನೆ ನಿಂತಿತು. ಕಾಡು ಕಾಡಾಗಿರಲಿ ಅನ್ನೋಕೆ ಆದರೆ ದಾರಿ ದಾರಿಯಾಗಿರಲಿ ಅಂತ ಯಾಕೆ ಅನ್ನಬಾರದು? ದೊಡ್ಡ ರಸ್ತೆಗಳಂತೂ ನಮ್ಮನ್ನ ಹೊರಗಿಡ್ತಾ ಬರ್ತಿವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆ ಮೋಟರ್ ಇಲ್ಲದ ಗಾಡಿಗಳಿಗೂ ಪ್ರವೇಶ ಇಲ್ಲ. ಆ ವೇಗದಲ್ಲಿ ಅದು ಸರಿಯೂ ಇರಬಹುದು. ಆದರೆ ಅಲ್ಲೂ ಇಲ್ಲ, ಗಾಡಿದಾರಿಯಲ್ಲೂ ಇಲ್ಲ ಅಂದರೆ ಹಸು ಹೊಡ್ಕೊಂಡು ಹೋಗೋರು ಎಲ್ಲಿ ಹೋಗಬೇಕು?

'ನೀವು ಇರೋ ಬಸವನಗುಡಿ ಏನು, ಆಕಾಶದಿಂದ ಬಿತ್ತಾ?' ಅಂತ ನೀವು ಕೇಳಬಹುದು. ನಮ್ಮಪ್ಪಂದಿರು ಕೇಳಿದರು ಕೂಡ. ನಿಜ, 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಂ ಎರಡೂ ಹೊಸ ಬಡಾವಣೆಗಳೇ. ನಾವಿರೋ ಕ್ರಾಸ್‌ಗಳೂ ಹೊಲದ ಮೇಲೇ ಎದ್ದಿರೋದು. ಸುಂಕೇನಹಳ್ಳಿಯ ಕಡಲೇಕಾಯಿ ಹೊಲಕ್ಕೆ ಬಸವ ನುಗ್ಗಿದ ಕಥೆಯನ್ನ ಪ್ರತಿ ಕಾರ್ತಿಕದ ಪರಿಷೆಯಲ್ಲಿ ಕೇಳ್ತೀವಿ, ಆ ಹೊಲಕ್ಕೆ ಹೋಗೋ ದಾರಿ ಯಾವುದಿತ್ತು ಅಂತ ಕೇಳಿಲ್ಲ. ಆದರೆ ಆ ಬಡಾವಣೆಗಳ ರಸ್ತೆಯಲ್ಲಿ ಇವತ್ತೂ ಯಾರು ಬೇಕಾದರೂ ನಡೀಬಹುದು. ಗೋಡೆ, ಗೇಟು, ಸೆಕ್ಯುರಿಟಿ, ರಿಜಿಸ್ಟರ್ ಇರೋದು ಬೇರೆ ಥರ.

ನಮ್ಮ ಕೈಲಾಗಿದ್ದನ್ನ ಮಾಡಿದೆವು. ಅಜ್ಜಿಯ ಮಗ ತಹಶೀಲ್ದಾರರಿಗೆ ಅರ್ಜಿ ಕೊಡ್ತೀನಿ ಅಂದರು, ಬರೆದುಕೊಡೋದು ನಾವು ಅಂದೆವು. ಕೂತು ಬರೆಯೋಕೆ ಹೋದರೆ ಕೈ ಓಡ್ತಿಲ್ಲ. ಮೂರನೇ ಸೆಮ್‌ನಲ್ಲಿ ಸರ್ವೇಯಿಂಗ್ ಓದಿದವನೊಬ್ಬ ನಮ್ಮಲ್ಲೇ ಇದ್ದಾನೆ, ಥಿಯೋಡೊಲೈಟ್ ಹಿಡಿಯೋಕೆ ಬರುತ್ತೆ, 'ಹಿಸ್ಸಾ', 'ಬಾಂದು', 'ಚಕ್ಕುಬಂದಿ' ಅಂದರೆ ಬರಲ್ಲ. ಕನ್ನಡ ಸಂಘದಲ್ಲಿ ರಾಜ್ಯೋತ್ಸವಕ್ಕೆ ಬಾವುಟ ಹಿಡಿದ ಫೋಟೊ ನಾಲ್ವರದ್ದೂ ಇದೆ. ಆ ಪದಗಳನ್ನೆಲ್ಲ ಹೇಳಿಕೊಟ್ಟಿದ್ದು, ಶಾಲೆಗೇ ಹೋಗದ ಅಜ್ಜಿ, ಹಸು ಹಾಲು ಕರೀತಾ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಯಾವ ಮರದ ಬುಡದಲ್ಲಿ ಬಾಂದು ಕಲ್ಲು ಇತ್ತು, ಎಲ್ಲ ಬಾಯಲ್ಲೇ. ನಾವು ಟೈಪ್ ಮಾಡ್ತಾ ಹೋದೆವು. ಖರಾಬು ಅನ್ನೋದನ್ನ ಫೋನು ಎರಡು ಸಲ 'ಖರ್ಬೂಜ' ಮಾಡಿತು.

ಅರ್ಜಿ ಹೋಗಿದೆ. ಅಳತೆಯ ದಿನ ತಿಳಿಸ್ತೀವಿ ಅಂದಿದ್ದಾರೆ. ಈ ನಡುವೆ ಇನ್ನೂ ಆರು ಹಳ್ಳಿಗಳ ನಕ್ಷೆ ಇಳಿಸಿಟ್ಟಿದ್ದೀವಿ, ಪ್ರತಿ ಭಾನುವಾರ ಒಂದೊಂದರ ತುಂಡುಗೆರೆ ಹಿಡಿದು ಹೋಗಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಅಂತ ಗುರುತು ಹಾಕ್ತೀವಿ. ಕಾಡಿನೊಳಗೆ, ಬೆಳೆದು ನಿಂತ ಹೊಲದೊಳಗೆ ಹೋಗಲ್ಲ. ಹೋಗೋ ಮೊದಲು ಊರಿನವರನ್ನ ಕೇಳ್ತೀವಿ. ಸೈಕಲ್ ಎಂಥದ್ದಾದರೂ ನಡೆಯುತ್ತೆ, ಎಕ್ಸ್‌ಟ್ರಾ ಟ್ಯೂಬ್ ಇರಲಿ. ಬರೋರು ಶನಿವಾರ ರಾತ್ರಿಯೊಳಗೆ ಸಂಘದ ಗ್ರೂಪ್‌ನಲ್ಲಿ ಹೇಳಿ. ಪಹಣಿ ಓದೋಕೆ ಬರೋರಿದ್ದರೆ ಅವರಿಗೆ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ನಮ್ಮ ಲೆಕ್ಕ.